ಪೆನ್ಸಿಲ್ ದಪ್ಪದ ಕೂದಲು

ಬಾಳೆಹೊನ್ನೂರು ಬರುವುದರೊಳಗೆ ಈ ಮನುಷ್ಯ ಬಾಯಿಬಿಟ್ಟು ಆ ಒಂದು ಮಾತು ಆಡದಿದ್ದರೆ ತಾನೂ ಆಡುವವಳಲ್ಲ ಎಂದು ಕಾತ್ಯಾಯಿನಿ ಕಳಸದಲ್ಲಿ ಬಸ್ಸು ಹತ್ತುವಾಗಲೇ ನಿಶ್ಚಯ ಮಾಡಿಕೊಂಡಿದ್ದಳು. ಆಡಬೇಕಾಗಿದ್ದದ್ದು ಮಹಾ ಮಾತೇನಲ್ಲ. ನನ್ನ ಮಗಳು ಅಂಥದ್ದು ಮಾಡುವವಳಲ್ಲ. ಇಷ್ಟೆ. ಇಷ್ಟು ಹೇಳಲು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿರಬೇಕಾಗಿಲ್ಲ, ನಾಲಗೆ ಇದ್ದರೆ ಸಾಕು. ಪಕ್ಕದಲ್ಲಿ ಕೂತಿದ್ದ ಗಂಡ ರಮಾಕಾಂತ ಲ್ಯಾಬಿನ ವರದಿಯಿದ್ದ ಪ್ಲಾಸ್ಟಿಕ್ ಕವರನ್ನು ತೊಡೆಯ ಮೇಲಿಟ್ಟುಕೊಂಡು, ಹೂಬಿಟ್ಟ ಕಾಫಿ ತೋಟಗಳನ್ನು ಹುಟ್ಟಿದ ಮೇಲೆ ಇವತ್ತೇ ಕಂಡವನ ಹಾಗೆ ಕಿಟಕಿಯಾಚೆ ನೋಡುತ್ತಿದ್ದ. ಹೋದ ವಾರ ಹೂಮಳೆ ಬಿದ್ದದ್ದಕ್ಕೆ ಗಿಡಗಳೆಲ್ಲ ಬೆಳ್ಳಗಾಗಿದ್ದವು. ಆ ವಾಸನೆ ಅವನಿಗೆ ಆಗಿಬರುವುದಿಲ್ಲ. ಸೀನಿದ, ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡ, ಮತ್ತೆ ಕಿಟಕಿಗೆ ತಿರುಗಿದ. ಸೀನುವುದಕ್ಕಾದರೆ ಬಾಯಿ ಬರುತ್ತದೆ ಇವರಿಗೆ, ಅಂದುಕೊಂಡಳು. ಎರಡು ಸೀಟು ಮುಂದೆ ಮಗಳು ಪಂಚಮಿ ಒಬ್ಬಳೇ ಕೂತಿದ್ದಳು. ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲಿನ ಕೆಳಗೆ ಅವಳ ಕತ್ತು ಬರಿದಾಗಿ ಕಾಣುತ್ತಿತ್ತು. ಕಾತ್ಯಾಯಿನಿಯ ಕೈ ತನ್ನ ತಲೆಯ ಹಿಂದಕ್ಕೆ ಹೋಗಿ, ಜಡೆ ಬುಡದ ಪಿನ್ನುಗಳು ಗಟ್ಟಿಯಾಗಿವೆಯೇ ಎಂದು ಮುಟ್ಟಿ ನೋಡಿ, ಮಡಿಲಿಗೆ ವಾಪಸು ಬಂತು. ಹೊರಗೆ ಹೊರಟಾಗಲೆಲ್ಲ ಆ ಕೈಗೆ ಇದೇ ಕೆಲಸ.

ಚಿಕ್ಕಮಗಳೂರಿನಲ್ಲಿ ಮಲೆಸೀಮೆ ಅಥ್ಲೆಟಿಕ್ ಸಂಘದವರು ಹನ್ನೊಂದು ಗಂಟೆಗೆ ಬರಹೇಳಿದ್ದರು. ಹೊರರಾಜ್ಯದ ದೊಡ್ಡ ಕೂಟಕ್ಕೆ ಹೋಗುವ ತಂಡದ ಹೆಸರುಗಳು ಇವತ್ತು ಗಟ್ಟಿಯಾಗುತ್ತವೆ. ಪಂಚಮಿಯ ಹೆಸರು ಇರುತ್ತದೋ ಇಲ್ಲವೋ, ಅದು ಒಂದು. ಇಲ್ಲದಿದ್ದರೆ ಯಾಕೆ ಇಲ್ಲ ಎನ್ನುವುದು ಕಳಸದಿಂದ ಮೂಡಿಗೆರೆಯ ತನಕ ಎಲ್ಲರ ಬಾಯಲ್ಲೂ ಇರುತ್ತದೆ, ಅದು ಇನ್ನೊಂದು. ಶುರುವಾದದ್ದು, ಹುಡುಗಿ ಏನೋ ಔಷಧಿ ತಗೊಂಡು ಓಡುತ್ತಾಳೆ ಎಂದು ಸಂಘಕ್ಕೆ ಬಂದ ಒಂದು ಮೂಗರ್ಜಿಯಿಂದ. ಅಕ್ಟೋಬರಿನಲ್ಲಿ ಎಂಟುನೂರು ಮೀಟರಿನಲ್ಲಿ ಪಂಚಮಿ ಗೆದ್ದಾಗ ಎರಡನೆಯವಳು ಇನ್ನೂ ತಿರುವಿನಲ್ಲಿದ್ದಳಂತೆ. ಅದು ಯಾರ ಹೊಟ್ಟೆಯಲ್ಲಿ ಉರಿಯಿತೋ. ಸಂಘದ ಕಾರ್ಯದರ್ಶಿ ಓಂಕಾರಮೂರ್ತಿ ಆಮೇಲೆ ರಮಾಕಾಂತನಿಗೆ ಫೋನು ಮಾಡಿ ನಗುತ್ತಲೇ ಕೇಳಿದ್ದರಂತೆ, ಅನ್ನ ಸಾರು ಉಂಡು ಬೆಳೆದ ಹುಡುಗಿ ಹೀಗೆ ಓಡೋದು ಹೇಗೆ ಮೇಷ್ಟ್ರೆ, ಏನು ಕೊಡ್ತೀರಿ ಅಂತ. ಇವರೂ ನಕ್ಕರಂತೆ. ಫೋನು ಇಟ್ಟು ಒಳಗೆ ಬಂದು ಅದನ್ನು ಹೇಳುವಾಗಲೂ ನಗುತ್ತಿದ್ದರು. ಕಾತ್ಯಾಯಿನಿಗೆ ಮೈ ಉರಿದುಹೋಗಿತ್ತು. ಅನ್ನ ಸಾರು ಉಂಡವರ ಕಾಲೇನು ಕೊಳೆತುಹೋಗಿರುತ್ತದೆಯೇ? ಬೆಳಗಿನ ಮಂಜಿನಲ್ಲಿ ಹಿರೇಬೈಲಿನ ರಸ್ತೆಯ ಏರನ್ನು ಆ ಹುಡುಗಿ ಓಡಿ ಹತ್ತುವಾಗ, ಕೂಲಿಗೆ ಹೊರಟ ಹೆಂಗಸರು ಬದಿಗೆ ಸರಿದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದದ್ದನ್ನು, ಚಡ್ಡಿ ಹಾಕಿಕೊಂಡು ಓಡುತ್ತಾಳೆ ಅಂತ ಮಠದ ಊಟದ ಪಂಕ್ತಿಯಲ್ಲಿ ಯಾರೋ ಕೇಳುವಂತೆಯೇ ಅಂದದ್ದನ್ನು, ಯಾವ ಓಂಕಾರಮೂರ್ತಿ ಕಂಡಿದ್ದಾರೆ.

ಮೂತ್ರದ ಪರೀಕ್ಷೆಗೆ ಕಾಲ ಮಿಂಚಿತ್ತು. ಅಷ್ಟು ತಿಂಗಳ ಹಿಂದಿನದು ಅದರಲ್ಲಿ ಉಳಿಯುವುದಿಲ್ಲವಂತೆ. ಸಂಘದ ಡಾಕ್ಟರು ಯಾವುದೋ ಪತ್ರಿಕೆಯಲ್ಲಿ ಓದಿದ್ದರು, ಹೊರದೇಶದಲ್ಲಿ ಈಗ ಕೂದಲನ್ನು ಪರೀಕ್ಷೆ ಮಾಡುತ್ತಾರೆ ಎಂದು. ಹಾಗೆ ಮಾಡಲು ಸಂಘದಲ್ಲಿ ಒಂದು ನಿಯಮವೂ ಇರಲಿಲ್ಲ. ಕೊಡಲೇಬೇಕು ಎಂದು ಯಾರೂ ಹೇಳಲೂ ಇಲ್ಲ. ಕೊಟ್ಟರೆ ನಿಮಗೇ ಒಳ್ಳೆಯದು ಎಂದರು. ಪಂಚಮಿ ಎದ್ದು ನಿಂತು, ಕೊಡ್ತೀನಿ, ಬೇಕಾದಷ್ಟು ತಗೊಳ್ಳಿ ಎಂದು ಹೇಳಿಬಂದಿದ್ದಳು. ರಮಾಕಾಂತನಿಗಂತೂ ಅದು ಹಬ್ಬ. ಊಟಕ್ಕೆ ಕೂತಾಗ ಪಾಠ ಶುರುವಾಯಿತು: ಕೂದಲು ತಿಂಗಳಿಗೆ ಇಷ್ಟು ಬೆಳೆಯುತ್ತದೆ, ರಕ್ತದಲ್ಲಿ ಏನಿತ್ತೋ ಅದೆಲ್ಲ ಬೇರಿನಿಂದ ಏರಿ ಕೂದಲಲ್ಲಿ ಕೂರುತ್ತದೆ, ಮನುಷ್ಯ ಮರೆತರೂ ಕೂದಲು ಮರೆಯುವುದಿಲ್ಲ. ಬೇಕಾದದ್ದು ಪೆನ್ಸಿಲ್ ದಪ್ಪದ ಒಂದು ಕುಚ್ಚು. ಆದರೆ ಪಂಚಮಿ ಅಕ್ಟೋಬರಿನ ಓಟ ಮುಗಿದ ಮೇಲೆ, ಜಡೆ ಬೆನ್ನಿಗೆ ಬಡಿಯುತ್ತದೆ ಎಂದು ಚಿಕ್ಕಮಗಳೂರಿನಲ್ಲಿ ಕೂದಲು ಕತ್ತರಿಸಿಕೊಂಡು ಬಂದಿದ್ದಳು. ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತಲೂ ಇದ್ದಳು, ತಲೆಯ ಮೇಲಿದ್ದದ್ದೆಲ್ಲ ಆಮೇಲೆ ಬೆಳೆದದ್ದು, ಅದರಿಂದ ಉಪಯೋಗವಿಲ್ಲ. ಆಗ ಪಂಚಮಿಯೇ ನೆನಪು ಮಾಡಿದ್ದು. "ಅಮ್ಮ, ನನ್ನ ಜಡೆ ನಿನ್ನ ಹತ್ರ ಉಂಟಲ್ಲ."

ಉಂಟು. ಕೋಣೆಯ ಗೂಟಕ್ಕೆ ತೂಗುಹಾಕಿತ್ತು. ರಮಾಕಾಂತನೇ ಅದನ್ನು ಇಳಿಸಿ ತಂದ. ಪಂಚಮಿ ಕತ್ತರಿ ಹಿಡಿದಳು. ದಪ್ಪನೆಯ ಬುಡದ ಕಡೆಯಿಂದಲೇ ತೆಗಿ, ಅಲ್ಲಿ ಚೆನ್ನಾಗಿ ಸಿಗುತ್ತೆ ಅಂದ ಅಪ್ಪ. ತೆಗೆದಳು. ಪೆನ್ಸಿಲನ್ನು ಪಕ್ಕಕ್ಕಿಟ್ಟು ದಪ್ಪ ಸರಿಯಾಗಿದೆಯೇ ನೋಡಿದರು, ನೂಲು ಕಟ್ಟಿದರು, ಕವರಿಗೆ ಹಾಕಿದರು. ಕಾತ್ಯಾಯಿನಿ ಬಾಗಿಲ ಹತ್ತಿರ ನಿಂತು ಎಲ್ಲ ನೋಡುತ್ತಿದ್ದಳು. ಆಗ ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ: ಅಯ್ಯೋ, ಇದ್ದದ್ದೇ ಇಷ್ಟು, ಅದರಲ್ಲೂ ಒಂದು ಹಿಡಿ ಹೋಯಿತಲ್ಲ, ಯಾರದಾದರೂ ಮದುವೆಗೆ ಕಟ್ಟಿಕೊಂಡು ಹೋದರೆ ತೆಳ್ಳಗೆ ಕಾಣುತ್ತದೆ. ಅದು ಮಗಳ ಜಡೆ ಮಾತ್ರವಲ್ಲ ಎನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವಳಿಗಾದರೂ ಹೊಳೆಯಬೇಕಿತ್ತು. ದಿನಾ ತಲೆಗೆ ಕಟ್ಟಿಕೊಳ್ಳುವವಳು ಅವಳು.

ಹಿಂದಿನ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಅವಳ ಗರ್ಭಕೋಶ ತೆಗೆದಿದ್ದರು. ವಾಪಸು ಬಂದ ಮೇಲೆ ಕೂತರೆ ಏಳಲಾಗದು, ಎದ್ದರೆ ಕಣ್ಣು ಕತ್ತಲೆ. ಕಳಸದ ಡಾಕ್ಟರು ತಿಂಗಳಿಗೊಮ್ಮೆ ಸೊಂಟಕ್ಕೆ ಒಂದು ಶಕ್ತಿ ಇಂಜೆಕ್ಷನ್ ಹಾಕಿಸಿದರು. ಶಕ್ತಿ ಬಂತೋ ಇಲ್ಲವೋ, ಕೂದಲು ಮಾತ್ರ ಬಾಚಿದಾಗಲೆಲ್ಲ ಹಿಡಿಹಿಡಿಯಾಗಿ ಕೈಗೆ ಬಂತು. ಬಂದದ್ದನ್ನು ಹೆಣ್ಣಾದವಳು ಬಿಸಾಡುತ್ತಾಳೆಯೇ? ಅವಳ ಅಮ್ಮ ಬಿಸಾಡಿರಲಿಲ್ಲ, ಅಜ್ಜಿ ಬಿಸಾಡಿರಲಿಲ್ಲ. ಬೆರಳಿಗೆ ಸುತ್ತಿ ಸುತ್ತಿ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿದಳು. ಪಂಚಮಿ ಜಡೆ ಕತ್ತರಿಸಿಕೊಂಡು ಬಂದ ದಿನ ಅತ್ತದ್ದು ಅತ್ತು, ಆ ಜಡೆಯನ್ನೂ ಕೇಳಿ ತೆಗೆದಿಟ್ಟುಕೊಂಡಳು. ಸೂಜಿ, ಪಿನ್ನು, ಟೇಪು ಮಾರಿಕೊಂಡು ಕಡೂರಿನ ಕಡೆಯಿಂದ ಬರುವ ತಿಮ್ಮಮ್ಮ ಜಗಲಿಯಲ್ಲಿ ಕೂತು ಎರಡನ್ನೂ ಎಳೆ ಬಿಡಿಸಿ, ಸೇರಿಸಿ, ಬುಡಕ್ಕೆ ಕಪ್ಪು ನೂಲು ಬಿಗಿದು ಚೌರಿ ಕಟ್ಟಿಕೊಟ್ಟಳು. "ತಾಯಿ ಮಗಳ ಕೂದ್ಲು ಒಂದೇ ಕಣ್ರಮ್ಮ. ಎಲ್ಲಿ ನಿಮ್ಮದು ಮುಗೀತು, ಎಲ್ಲಿ ಅವರದು ಶುರುವಾಯ್ತು, ಕಟ್ಟಿದ ನಂಗೇ ಕಾಣಂಗಿಲ್ಲ" ಎಂದು ಅದನ್ನು ಬಿಸಿಲಿಗೆ ಹಿಡಿದು ತೋರಿಸಿದ್ದಳು. ಕಾತ್ಯಾಯಿನಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕನ್ನಡಿಗೆ ಬೆನ್ನು ತಿರುಗಿಸಿ, ಇನ್ನೊಂದು ಸಣ್ಣ ಕನ್ನಡಿಯಲ್ಲಿ ತನ್ನ ಬೆನ್ನಿನ ಮೇಲಿನ ಜಡೆಯನ್ನು ನೋಡಿಕೊಂಡಿದ್ದಳು. ಅದರಲ್ಲಿ ಏನು ತಪ್ಪು? ಉದುರಿದ್ದು ಅವಳದೇ, ಕತ್ತರಿಸಿದ್ದು ಅವಳು ಹೆತ್ತವಳದೇ. ಊರಲ್ಲಿ ಯಾರದನ್ನಾದರೂ ಕದ್ದಳೇ?

ಬಸ್ಸು ಮಾಗುಂಡಿ ದಾಟಿತು. ವರದಿ ಬಂದ ದಿನ ರಮಾಕಾಂತ ಅದನ್ನು ನಿಂತುಕೊಂಡೇ ಓದಿದ್ದ. ಆಮೇಲೆ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದ. ಕಾಲೇಜಿನ ಹಾಸ್ಟೆಲಿನಿಂದ ಓಡಿಬಂದಿದ್ದ ಮಗಳು ಎದುರಿಗೇ ನಿಂತಿದ್ದಳು. "ನಿಜ ಹೇಳು ಪಂಚಮಿ. ಬೈಯಲ್ಲ. ಯಾರು ಕೊಟ್ರು?" ಎಂದ. ತಗೊಂಡೆಯಾ ಎಂದು ಕೇಳಲಿಲ್ಲ, ಯಾರು ಕೊಟ್ಟರು ಎಂದು ಕೇಳಿದ. ಪಂಚಮಿ ಇಲ್ಲಪ್ಪ ಅಂದಳು. "ವಿಜ್ಞಾನ ಸುಳ್ಳು ಹೇಳಲ್ಲ ಮಗೂ" ಅಂದ. ಆ ಮಗೂ ಎನ್ನುವುದನ್ನು ಕೇಳಿ ಕಾತ್ಯಾಯಿನಿಗೆ ಕೈಯಲ್ಲಿದ್ದ ಸೌಟನ್ನು ಎಸೆಯುವಷ್ಟು ಕೋಪ ಬಂತು. ಹಾಗಾದರೆ ಸುಳ್ಳು ಹೇಳುವವಳು ಇವಳೋ? ಜ್ವರ ಬಂದರೂ ಮಾತ್ರೆ ನುಂಗಲು ಹಟ ಮಾಡುತ್ತಿದ್ದ ಹುಡುಗಿ, ಶಾಲೆಯಲ್ಲಿ ಗಾಜು ಒಡೆದರೆ ಯಾರೂ ಕೇಳುವ ಮೊದಲೇ ಕೈಯೆತ್ತಿ ನಿಂತ ಹುಡುಗಿ, ಅವಳ ಬಾಯಿಗಿಂತ ಯಾವನೋ ಕಾಣದ ಊರಿನವನು ಯಂತ್ರಕ್ಕೆ ಹಾಕಿ ತೆಗೆದ ಒಂದು ಎಳೆ ಕೂದಲು ಹೆಚ್ಚಾಯಿತೇ?

ನಿನ್ನೆ ಸಂಜೆ ಅವಳು ಡಾಕ್ಟರ ಶಾಪಿಗೆ ಹೋದದ್ದು ಮಂಡಿನೋವಿಗೆ. ನರ್ಸ್ ಪ್ರೇಮಕುಮಾರಿ ಸುಮ್ಮನೆ, ಮಗಳದ್ದು ಎಂತ ಆಯ್ತಮ್ಮ, ಯಾವ ಔಷಧಿಯಂತೆ ಎಂದು ಕೇಳಿದಳು. ದಿನವೆಲ್ಲ ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಆ ಹೆಸರನ್ನು ಕಾತ್ಯಾಯಿನಿ ತಡವರಿಸುತ್ತ ಹೇಳಿದಳು: ನ್ಯಾಂಡ್ರೊಲೋನ್. ಪ್ರೇಮಕುಮಾರಿ ಹತ್ತಿ ಹರಿಯುತ್ತಲೇ, "ಅದು ನಿಮಗೆ ಹಾಕ್ತಿದ್ದದ್ದೇ ಅಲ್ವಾ ಅಮ್ಮ, ಸೊಂಟಕ್ಕೆ" ಅಂದಳು. ಬೆಂಚಿನ ಮೇಲೆ ಕೂತಿದ್ದ ಕಾತ್ಯಾಯಿನಿ ಎದ್ದದ್ದು ಯಾವಾಗ, ಮನೆಗೆ ಬಂದದ್ದು ಯಾವಾಗ, ಒಂದೂ ನೆನಪಿಲ್ಲ. ನೆನಪಿರುವುದು, ಹೊಸ್ತಿಲು ದಾಟುವಾಗ ಬಾಯಿಯವರೆಗೆ ಬಂದ ಮಾತು ಅಲ್ಲೇ ನಿಂತದ್ದು. ಒಳಗೆ ರಮಾಕಾಂತ ಯಾರ ಹತ್ತಿರವೋ ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದ, ವಯಸ್ಸು ಹಾಗಲ್ವಾ, ಸಹವಾಸ ದೋಷ ಅಂತ. ಈಗ ಹೇಳಿಬಿಟ್ಟರೆ ಇವರು ನಂಬುತ್ತಾರೆ. ಖಂಡಿತ ನಂಬುತ್ತಾರೆ. ಕೂದಲು ನನ್ನದು, ಔಷಧಿ ನನ್ನ ಮೈಯದು ಎಂದು ಲೆಕ್ಕ ಸರಿಹೋಗುತ್ತದಲ್ಲ, ಆಗ ಮಗಳ ಬೆನ್ನು ತಟ್ಟಿ ನನಗೆ ಗೊತ್ತಿತ್ತು ಅನ್ನುತ್ತಾರೆ. ಅದಾಗಕೂಡದು. ಪುರಾವೆ ಸಿಗುವ ಮೊದಲು ಒಂದು ಸಲ, ಒಂದೇ ಒಂದು ಸಲ, ಅಪ್ಪನಾದವನು ಬರಿಗೈಯಲ್ಲಿ ಮಗಳನ್ನು ನಂಬಬೇಕು. ಅಷ್ಟರ ತನಕ ಬಾಯಿ ಬಿಡುವುದಿಲ್ಲ.

ಬಾಳೆಹೊನ್ನೂರು ಬಂತು, ಭದ್ರಾ ಸೇತುವೆ ದಾಟಿತು. ಈ ಮನುಷ್ಯ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಿದ, ಅಷ್ಟೇ. ಆಯಿತು, ಆಲ್ದೂರಿನ ತನಕ ನೋಡುತ್ತೇನೆ ಎಂದುಕೊಂಡಳು. ಸಂಘದವರ ಎದುರಿಗಂತೂ ಹೇಳಲೇಬೇಕು, ಹೇಳಿಯೇ ಹೇಳುತ್ತಾಳೆ, ಅದರಲ್ಲೇನು ಅನುಮಾನ. ಅವಳು ಕೊಡುತ್ತಿರುವುದು ಗಂಡನಿಗೆ ಒಂದು ಅವಕಾಶ ಮಾತ್ರ. ಆದರೂ ಮುಂದಿನ ಸೀಟಿನ ಆ ಬರಿದಾದ ಕತ್ತು ಬಸ್ಸಿನ ಕುಲುಕಾಟಕ್ಕೆ ಅಲುಗುವುದನ್ನು ಕಂಡಾಗಲೆಲ್ಲ ಅವಳು ಕಣ್ಣನ್ನು ಮಡಿಲಿಗೆ ಇಳಿಸಿಕೊಳ್ಳುತ್ತಿದ್ದಳು. ನಿನ್ನೆ ಆ ಹುಡುಗಿ ಊಟಕ್ಕೆ ಏಳಲಿಲ್ಲ. ತಟ್ಟೆಯನ್ನು ಹಾಸಿಗೆಯ ಪಕ್ಕಕ್ಕೆ ಇಟ್ಟು ಬಂದವಳು ಇವಳೇ. ಇಡುವಾಗಲೂ ಹೇಳಲಿಲ್ಲ.

ಆಲ್ದೂರಿನಲ್ಲಿ ಬಸ್ಸು ಟೀಗೆಂದು ನಿಂತಿತು. ರಮಾಕಾಂತ ಇಳಿದು ಅಂಗಡಿಯ ಬಳಿ ತೋಟದ ಲೆಕ್ಕ ಬರೆಯುವ ಯಾರೋ ಗುರುತಿನ ಎಸ್ಟೇಟ್ ರೈಟರ್ ಕಂಡ ಎಂದು ಮುಖ ತಪ್ಪಿಸಿಕೊಂಡು ಬಸ್ಸಿನ ಹಿಂದಕ್ಕೆ ಹೋದ. ಪಂಚಮಿ ಎದ್ದುಬಂದು ಅಮ್ಮನ ಪಕ್ಕದಲ್ಲಿ ಕೂತಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಅಮ್ಮ, ನೀನೂ ನಂಬಲ್ವಾ?"

"ಯಾರು ಹೇಳಿದ್ರು ಹಾಗೆ?"

"ನೀನು ಎಂತದೂ ಹೇಳ್ತಿಲ್ಲ. ನಿನ್ನೆಯಿಂದ ನನ್ನ ಮುಖಾನೇ ನೋಡ್ತಿಲ್ಲ."

"ನಂಬ್ತೀನಿ ಮಾರಾಯ್ತಿ. ನಂಬದೆ?"

"ಮತ್ತೆ ಅದು ನನ್ನ ಕೂದಲೊಳಗೆ ಹೇಗೆ ಬಂತು ಹೇಳು. ನಂಗೇ ತಲೆ ಕೆಡ್ತಿದೆ. ಹಾಸ್ಟೆಲಲ್ಲಿ ಯಾರಾದ್ರೂ ಊಟಕ್ಕೆ ಹಾಕಿರಬಹುದಾ ಅಂತೆಲ್ಲ ಯೋಚನೆ ಬರ್ತಿದೆ. ಪಾಪ, ರೂಮಿನವಳ ಮೇಲೂ ಅನುಮಾನ ಬಂತು."

ಹೇಳಿಬಿಡಬೇಕು ಅನ್ನಿಸಿತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ರಮಾಕಾಂತ ಹತ್ತಿಬಂದು, ಮಗಳು ತನ್ನ ಜಾಗದಲ್ಲಿ ಕೂತದ್ದನ್ನು ಕಂಡು, ಒಂದು ಕ್ಷಣ ನಿಂತ. ಅವನ ಕೈ ಮಗಳ ಭುಜದ ಕಡೆಗೆ ಬಂತು. ಈಗ ಹೇಳುತ್ತಾರೆ ಎಂದುಕೊಂಡಳು ಕಾತ್ಯಾಯಿನಿ. ಕೈ ಸೀಟಿನ ಕಂಬಿಯನ್ನು ಹಿಡಿಯಿತು. ಪಂಚಮಿ ಎದ್ದು ತನ್ನ ಸೀಟಿಗೆ ಹೋದಳು. ಬಸ್ಸು ಹೊರಟ ಮೇಲೆ, ಊರು ಹತ್ತಿರವಾಗಿ ಕಾಫಿ ಗೋದಾಮುಗಳ ಉದ್ದನೆಯ ತಗಡಿನ ಮಾಡುಗಳು ಕಾಣತೊಡಗಿದಾಗ, ಅವನು ಕೊನೆಗೂ ಮಾತಾಡಿದ. "ಅಲ್ಲಿ ನೀನು ನಡುವೆ ಬಾಯಿ ಹಾಕ್ಬೇಡ. ನಾನು ನೋಡ್ಕೊಳ್ತೀನಿ." ಸರಿ ಎಂದಳು ಕಾತ್ಯಾಯಿನಿ. ನೋಡಿಕೊಳ್ಳಿ, ಅದನ್ನೇ ಕಾಯುತ್ತಿದ್ದೇನೆ.

ಸಂಘದ ಆಫೀಸು ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಗೋಡೆಯ ತುಂಬ ಕಪ್ಪುಗಳು, ಫೋಟೋಗಳು. ಅದರಲ್ಲೊಂದು ಫೋಟೋದಲ್ಲಿ ಓಂಕಾರಮೂರ್ತಿ ಪಂಚಮಿಯ ಕೊರಳಿಗೆ ಪದಕ ಹಾಕುತ್ತಿದ್ದರು, ಜಡೆ ಭುಜದ ಮುಂದೆ ಬಂದಿತ್ತು. ಅದನ್ನು ಇನ್ನೂ ತೆಗೆದಿಲ್ಲವಲ್ಲ ಎಂದು ಕಾತ್ಯಾಯಿನಿ ನೋಡಿದಳು. ಮೇಜಿನ ಆ ಬದಿ ಓಂಕಾರಮೂರ್ತಿ, ಪಕ್ಕದಲ್ಲಿ ಸಂಘದ ಡಾಕ್ಟರು, ಮೂಲೆಯಲ್ಲಿ ಬರೆದುಕೊಳ್ಳುವ ಒಬ್ಬ ಗುಮಾಸ್ತ. ಬನ್ನಿ ಮೇಷ್ಟ್ರೆ, ಕಾಫಿ ತರಿಸ್ಲಾ ಎಂದೆಲ್ಲ ಉಪಚಾರವಾಯಿತು. ಪಂಚಮಿಗೆ ಯಾರೂ ಕೂರು ಅನ್ನಲಿಲ್ಲ.

"ನೋಡಿ, ನಾವೇನೂ ಕೇಸು ಗೀಸು ಮಾಡ್ತಿಲ್ಲ. ನಿಯಮ ಹೇಳೋಕೆ ಹೋದ್ರೆ ಈ ಕೂದಲಿನ ಪರೀಕ್ಷೆಗೆ ಬೆಲೇನೂ ಇಲ್ಲ. ಆದ್ರೆ ಗೊತ್ತಾದ ಮೇಲೆ ಕಣ್ಣು ಮುಚ್ಕೊಂಡು ಕಳಿಸೋದು ಹೇಗೆ. ನೀವು ಏನಾದ್ರೂ ಹೇಳೋದಿದ್ರೆ ಹೇಳ್ಬಹುದು" ಎಂದರು ಓಂಕಾರಮೂರ್ತಿ.

ಕಾತ್ಯಾಯಿನಿ ಗಂಡನ ಕಡೆ ತಿರುಗಿದಳು. ಇದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುವುದಿಲ್ಲ. ಬೆಲೆಯಿಲ್ಲ ಎಂದು ಅವರೇ ಹೇಳಿದರಲ್ಲ, ಹಿಡಿದುಕೊಳ್ಳಿ ಅದನ್ನು, ನನ್ನ ಮಗಳು ಅಂಥವಳಲ್ಲ ಅನ್ನಿ. ರಮಾಕಾಂತ ಎದ್ದು ನಿಂತ. ಕ್ಲಾಸಿನಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತ. ಆಮೇಲೆ ಎರಡೂ ಕೈ ಜೋಡಿಸಿದ.

"ಸಣ್ಣವಳು ಸಾರ್. ಯಾರೋ ದಾರಿ ತಪ್ಪಿಸಿದಾರೆ. ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಹುಡುಗಿ ಜೀವನದ ಪ್ರಶ್ನೆ, ವಿಷಯ ಹೊರಗೆ ಹೋಗದ ಹಾಗೆ ನೋಡ್ಕೊಳ್ಳಿ."

"ಅಪ್ಪಾ" ಎಂದಳು ಪಂಚಮಿ, ಬಹಳ ಮೆಲ್ಲಗೆ. ಗುಮಾಸ್ತ ಬರೆದುಕೊಂಡ.

ಕಾತ್ಯಾಯಿನಿ ಯಾವಾಗ ಎದ್ದಳೋ, ಕೈ ಯಾವಾಗ ತಲೆಯ ಹಿಂದಕ್ಕೆ ಹೋಯಿತೋ. ಈ ಸಲ ಕೈ ಪಿನ್ನುಗಳನ್ನು ಗಟ್ಟಿಮಾಡಲಿಲ್ಲ, ಒಂದೊಂದಾಗಿ ಕಿತ್ತಿತು. ಚೌರಿ ಕೈಗೆ ಬಂತು. ಅದನ್ನು ಓಂಕಾರಮೂರ್ತಿಯ ಎದುರು, ಮೇಜಿನ ಗಾಜಿನ ಮೇಲೆ ಉದ್ದಕ್ಕೆ ಇಟ್ಟಳು. ಅವಳ ಕತ್ತಿನ ಮೇಲೆ ಉಳಿದದ್ದು ಅಡಿಕೆಯಷ್ಟು ದಪ್ಪದ ಒಂದು ಗಂಟು, ಅದರ ಸುತ್ತ ಕಾಣುವ ಬರಿ ಬುರುಡೆ. ಗಂಡ ಕೂಡ ಹಗಲು ಬೆಳಕಿನಲ್ಲಿ ಅದನ್ನು ಸರಿಯಾಗಿ ಕಂಡಿರಲಿಲ್ಲ. ನಾಲ್ವರು ಗಂಡಸರು ಕಂಡರು, ನೋಡಬಾರದ್ದನ್ನು ನೋಡಿದವರ ಹಾಗೆ ಕಣ್ಣು ತೆಗೆದರು, ಮತ್ತೆ ನೋಡಿದರು.

"ನೀವು ಪರೀಕ್ಷೆ ಮಾಡ್ಸಿದ ಕೂದಲು ಇದರದ್ದು. ಇದರಲ್ಲಿ ಅವಳದ್ದೂ ಇದೆ, ನನ್ನ ಉದುರಿದ ಕೂದಲೂ ಇದೆ. ಬುಡದ ಹತ್ರ ನನ್ನದೇ ಜಾಸ್ತಿ, ಕತ್ತರಿಸಿದ್ದೂ ಅಲ್ಲೇ. ನಿಮ್ಮ ವರದೀಲಿರೋ ಔಷಧಿ ನನಗೆ ಆಪರೇಷನ್ ಆದ್ಮೇಲೆ ಹಾಕ್ತಿದ್ದದ್ದು. ನಿನ್ನೆ ನರ್ಸಿನ ಬಾಯಲ್ಲಿ ಕೇಳಿದೆ. ಬೇಕಾದ್ರೆ ಕಳಸಕ್ಕೆ ಫೋನು ಮಾಡಿ."

ಡಾಕ್ಟರು ಪೆನ್ನಿನ ಮುಚ್ಚಳದಿಂದ ಚೌರಿಯ ಬುಡವನ್ನು ಅಗಲಿಸಿ ನೋಡಿದರು. "ಇರಬಹುದು. ಹೆಂಗಸರಿಗೆ ಕೊಡ್ತಾರೆ ಇದನ್ನ" ಅಂದರು. ಪಂಚಮಿ ಅಮ್ಮನನ್ನೇ ನೋಡುತ್ತಿದ್ದಳು.

ಓಂಕಾರಮೂರ್ತಿ ಕುರ್ಚಿಗೆ ಒರಗಿದರು. "ಅಂದ್ರೆ ಔಷಧಿ ಮನೇಲೇ ಇತ್ತು ಅಂದಂಗಾಯ್ತು."

"ಮನೇಲಿರ್ಲಿಲ್ಲ ಸ್ವಾಮಿ, ನನ್ನ ಸೊಂಟದಲ್ಲಿತ್ತು. ಡಾಕ್ಟರ ಶಾಪಲ್ಲಿ ಚುಚ್ಚಿಸ್ಕೊಂಡು ಬರ್ತಿದ್ದೆ. ಅನುಮಾನ ಇದ್ರೆ ನನ್ನ ತಲೇದು ಇಲ್ಲೇ ಕತ್ತರಿಸ್ಕೊಳ್ಳಿ, ಇರೋದನ್ನೆಲ್ಲ ತಗೊಳ್ಳಿ. ಕಳಿಸಿ ನೋಡಿ."

"ಕಳಿಸಿ, ವರದಿ ಬರೋ ಹೊತ್ತಿಗೆ ಕೂಟ ಮುಗಿದು ತಂಡ ವಾಪಸು ಬಂದಿರುತ್ತೆ. ಅದೂ ಹೋಗ್ಲಿ ಅಮ್ಮ. ಮೇಷ್ಟ್ರು ಈಗಷ್ಟೇ ನಮ್ಮೆಲ್ಲರ ಎದುರಿಗೆ ಕ್ಷಮೆ ಕೇಳಿದ್ರು. ಮಗಳು ಏನೂ ಮಾಡದೆ ಇದ್ರೆ ತಂದೆ ಆದವರು ಯಾಕೆ ಕೈ ಮುಗೀತಾರೆ?"

"ಇದು ನಂಗೆ ಗೊತ್ತಿರ್ಲಿಲ್ಲ ಸಾರ್" ಎಂದ ರಮಾಕಾಂತ.

"ಗೊತ್ತಿಲ್ದೆ ಕೇಳಿದ್ರಾ? ಮಗಳನ್ನ ವಿಚಾರಿಸ್ಕೊಂಡೇ ಬಂದಿರ್ತೀರಲ್ಲ. ನಿಮಗಿಂತ ನಾವು ಅವಳನ್ನ ಜಾಸ್ತಿ ಬಲ್ಲೆವಾ?"

ಗುಮಾಸ್ತ ಪಟ್ಟಿಯಲ್ಲಿ ಪಂಚಮಿಯ ಹೆಸರಿನ ಮೇಲೆ ಗೆರೆ ಎಳೆದ. ಇಡೀ ದಾರಿ ಕಾತ್ಯಾಯಿನಿ ಗಂಡನಿಗೆ ಮನಸ್ಸಿನೊಳಗೇ ಬೈದುಕೊಂಡು ಬಂದ ಮಾತನ್ನೇ ಈ ಮನುಷ್ಯ, ಈ ಕೋಟು ಹಾಕಿದ ಮನುಷ್ಯ, ಮಗಳ ವಿರುದ್ಧ ತಿರುಗಿಸಿ ಮೇಜಿನ ಮೇಲಿಟ್ಟಿದ್ದ. ನಿನ್ನೆ ಸಂಜೆ ಹೊಸ್ತಿಲಲ್ಲಿ ಹೇಳಿದ್ದರೆ ಇವರು ಇವತ್ತು ಕೈ ಮುಗಿಯುತ್ತಿರಲಿಲ್ಲ. ಆಲ್ದೂರಿನಲ್ಲಿ ಹೇಳಿದ್ದರೂ ಸಾಕಿತ್ತು. ಅವಳು ಚೌರಿಯನ್ನು ಎತ್ತಿಕೊಂಡಳು. ಪಿನ್ನುಗಳಲ್ಲಿ ಒಂದು ಉರುಳಿ ನೆಲಕ್ಕೆ ಬಿತ್ತು.

ಮೆಟ್ಟಿಲು ಇಳಿಯುವಾಗ ರಮಾಕಾಂತ ಹಿಂದಿನಿಂದ, ಆ ಪಿನ್ನನ್ನು ಹೆಕ್ಕಿ ಕೈಯಲ್ಲಿ ಹಿಡಿದುಕೊಂಡು, "ಇಷ್ಟು ಗೊತ್ತಿದ್ದೂ ಮೊದಲೇ ಹೇಳ್ಬಾರದಿತ್ತಾ ಮಾರಾಯ್ತಿ" ಎಂದ.

"ನೀವು ಹೇಳ್ತೀರಿ ಅಂತ ಕಾಯ್ತಿದ್ದೆ."

"ನಾನು? ನಾನು ಎಂತ ಹೇಳ್ಬೇಕಿತ್ತು?"

ಅವನು ನಿಜವಾಗಿಯೂ ಕೇಳುತ್ತಿದ್ದ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವನಿಗೆ ಏನೂ ತಿಳಿದಿರಲಿಲ್ಲ. ಈಗ ಹೇಳಿಕೊಟ್ಟು ಹೇಳಿಸುವುದೇ? ಕಾತ್ಯಾಯಿನಿಗೆ ಅಸಹ್ಯವಾಯಿತು. ಕೊನೆಯ ಮೆಟ್ಟಿಲಿನಲ್ಲಿ ಪಂಚಮಿ ನಿಂತು ತಿರುಗಿದಳು.

"ನಿಂಗೆ ಯಾವಾಗ ಗೊತ್ತಾಯ್ತಮ್ಮ?"

"ನಿನ್ನೆ."

"ಆಲ್ದೂರಲ್ಲಿ ನಾನು ಕೇಳಿದಾಗ್ಲೂ ಗೊತ್ತಿತ್ತು."

ಅದು ಪ್ರಶ್ನೆಯಾಗಿರಲಿಲ್ಲ. ನಿನಗೋಸ್ಕರವೇ ಕಣೆ ಎಂದು ಹೇಳಹೊರಟರೆ ಅದು ಪೂರ್ತಿ ನಿಜವಲ್ಲ ಎಂದು ಕಾತ್ಯಾಯಿನಿಗೇ ಗೊತ್ತಿತ್ತು. ಪಂಚಮಿ ಅಮ್ಮನ ಕೈಯಲ್ಲಿ ನೇತಾಡುತ್ತಿದ್ದ ಚೌರಿಯನ್ನು ಒಮ್ಮೆ ನೋಡಿದಳು, ಅಪ್ಪನ ಕೈಯ ಪಿನ್ನನ್ನು ನೋಡಿದಳು, ರಸ್ತೆಗಿಳಿದಳು. ಅಂಗಡಿಯ ಮುಂದೆ ನಿಂತಿದ್ದವರು ಕಾತ್ಯಾಯಿನಿಯ ತಲೆಯನ್ನು ನೋಡುತ್ತಿದ್ದರು. ಸೆರಗು ಹೊದ್ದುಕೊಳ್ಳಬೇಕೆಂದು ಕೈ ಎತ್ತಿದವಳು ಹಾಗೇ ಬಿಟ್ಟಳು. ನೋಡಲಿ. ಮುಂದೆ ಮಗಳು ಬಸ್ ಸ್ಟ್ಯಾಂಡಿನ ಕಡೆಗೆ ಹೋಗುತ್ತಿದ್ದಳು. ನಿಲ್ಲೇ ಪಂಚಮಿ ಎಂದು ರಮಾಕಾಂತ ಕೂಗಿದ. ಇವಳು ಓಡುನಡಿಗೆಯಲ್ಲಿ ಹೊರಟಳು, ಅವನೂ ಹಿಂದೆ ಬಂದ. ಪಂಚಮಿ ಓಡುತ್ತಿರಲಿಲ್ಲ, ಸುಮ್ಮನೆ ನಡೆಯುತ್ತಿದ್ದಳು. ಆದರೂ ಅವಳನ್ನು ಮುಟ್ಟಲು ಇಬ್ಬರಿಗೂ ಆಗಲಿಲ್ಲ.